ಪೂರ್ತಿ ಒಂದು ನಿಮಿಷ

ಪ್ರೀತಿಯಲ್ಲಿ ಬಿದ್ದ ನರ್ಸಮ್ಮನನ್ನು ಗುರುತಿಸಲು ಯಾವ ಪರೀಕ್ಷೆಯೂ ಬೇಕಿಲ್ಲ, ನನ್ನ ಹಾಗೆ ಕಾಲು ಮುರಿದುಕೊಂಡು ಮೂರು ವಾರ ವಾರ್ಡಿನಲ್ಲಿ ಮಲಗಿದ್ದರೆ ಸಾಕು. ನಮ್ಮ ಕಿರಿಯ ನರ್ಸಿಗೆ ಎಕ್ಸ್‌ರೇ ತೆಗೆಯುವವನ ಮೇಲೆ ಮನಸ್ಸಾಗಿದೆ. ಗಾಲಿಕುರ್ಚಿ ತಳ್ಳುವುದು ಆಯಾಳ ಕೆಲಸ. ಆದರೆ ಎಕ್ಸ್‌ರೇ ಕೋಣೆಗೆ ಮಾತ್ರ ಇವಳೇ ತಳ್ಳಿಕೊಂಡು ಹೋಗುತ್ತಾಳೆ, ಅದೂ ಕನ್ನಡಿ ನೋಡಿಕೊಂಡು. ಹೊಟ್ಟೆನೋವೆಂದು ಬಂದ ತಾತನಿಗೂ "ಡಾಕ್ಟರ್ ಬಂದಾಗ ಎಕ್ಸ್‌ರೇ ಕೇಳಿ ತಾತ, ಯಾವುದಕ್ಕೂ ಒಂದಿರ್ಲಿ" ಅನ್ನುತ್ತಾಳೆ. ಥರ್ಮಾಮೀಟರನ್ನು ನನ್ನ ಬಾಯಲ್ಲಿಟ್ಟು ಮರೆತು ಕಿಟಕಿಯ ಹತ್ತಿರ ನಿಂತುಬಿಡುತ್ತಾಳೆ. ನಾನೋ ಬಾಯಿ ಬಿಡುವಂತಿಲ್ಲ. ನಡಿಗೆಯೆನ್ನುವುದು ಇವಳಿಗೆ ಮರೆತೇಹೋಗಿದೆ, ಏನಿದ್ದರೂ ಓಟ. ನಾಡಿ ಹಿಡಿದಾಗ ಮಾತ್ರ ಕಂಬದ ಹಾಗೆ ನಿಲ್ಲುತ್ತಾಳೆ. ಮಿಕ್ಕ ನರ್ಸುಗಳು ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುತ್ತಾರೆ. ಇವಳು ಹನ್ನೆರಡು ಮಂಚದವರಿಗೂ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸುತ್ತಾಳೆ. ನಿನ್ನೆ ಮಧ್ಯಾಹ್ನ ಡ್ಯೂಟಿ ಮುಗಿಯುವ ಹೊತ್ತಿಗೆ ಆ ಎಕ್ಸ್‌ರೇಯವನು ಬಾಗಿಲಲ್ಲಿ ನಿಂತು ಕೆಮ್ಮಿದ. "ಸಿನಿಮಾಗೆ ತಡ ಆಗುತ್ತೆ. ಹದಿನೈದು ಸೆಕೆಂಡ್ ಎಣಿಸಿ ಗುಣಿಸಿದ್ರೆ ಆಗಲ್ವಾ?" ಇವಳು ತಾತನ ಕೈಯನ್ನೂ ಬಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ. ನಿಮಿಷ ಮುಗಿದ ಮೇಲೆ ಹೇಳಿದಳು: "ಆಗುತ್ತೆ. ನಿಮ್ಮಪ್ಪ ಇಲ್ಲಿ ಮಲಗಿದ್ರೂ ಹಾಗೇ ಮಾಡ್ಲಾ?" ಅವನು ಟಿಕೆಟ್ಟುಗಳನ್ನು ಜೇಬಿಗಿಳಿಸಿ, ಒಳಗೆ ಬಂದು, ನನ್ನ ಮಂಚದ ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂತ. ಇನ್ನೂ ಒಂಬತ್ತು ಮಂಚ ಬಾಕಿ ಇದ್ದವು.