ಗೋರೋ ತಲೆಯಾಡಿಸಿದ

ಅನಸೂಯಾ ಕರಡಿಯಾದದ್ದು ನನ್ನಿಂದಲೇ. ಆ ಪಾಪ ನನ್ನ ತಲೆಯ ಮೇಲೇ ಇರಲಿ. ಜಪಾನಿನ ಫುನಾಬೊರಿಯಲ್ಲಿ ನಾವಿಬ್ಬರೂ ಒಂದೇ ಕಟ್ಟಡದವರು, ಇಬ್ಬರೂ ಮೈಸೂರಿನವರು. ಮನೆಯಲ್ಲಿ ಕೂತು ಬೇಜಾರು ಎಂದು ದಿನಾ ಗೊಣಗುತ್ತಿದ್ದಳು. ಐಸ್‌ಹಾಕಿ ಆಡುವ ತಂಡವೊಂದರಲ್ಲಿ ಶನಿವಾರ, ಭಾನುವಾರದ ಕೆಲಸವಿದೆ ಎಂದು ನಾನೇ ಅಟ್ಟಿದೆ. ಎರಡನೇ ದರ್ಜೆಯ ಲೀಗಿನ ಬಡಪಾಯಿ ತಂಡ. ನೋಡಲು ಬರುವವರಿಗಿಂತ ಆಡುವವರೇ ಹೆಚ್ಚು. ಟಿಕೆಟ್ ಹರಿಯುವ ಕೆಲಸವೆಂದು ಹೋದವಳಿಗೆ ತಂಡದ ಲಾಂಛನವಾದ ಬಿಳಿ ಕರಡಿಯ ವೇಷ ತೊಡಿಸಿದರು. ಕರಡಿಯ ಹೆಸರು ಗೋರೋ.

ವೇಷಕ್ಕೆ ಅಲ್ಲಿ ದೇವರ ಮಡಿಯಷ್ಟೇ ಕಟ್ಟುನಿಟ್ಟು. ಯಾರು ಕೇಳಿದರೂ ಒಳಗೆ ಯಾರೂ ಇಲ್ಲ, ಅಷ್ಟೇ. ಗೋರೋ ಮಾತಾಡುವಂತಿಲ್ಲ, ತಲೆ ಕಳಚುವಂತಿಲ್ಲ. ಒಳಗಿರುವುದು ತಾನೆಂದು ಹೆತ್ತ ಮಗಳಿಗೂ ಹೇಳುವಂತಿಲ್ಲ. ಎಂಟು ವರ್ಷದ ನಿಶಾ, ಅಮ್ಮ ಟಿಕೆಟ್ ಕೊಡುತ್ತಾಳೆ ಎಂದೇ ತಿಳಿದಿದ್ದಳು.

ಇವಳೋ, ಯಾರು ಏನು ಕೇಳಿದರೂ ನಮ್ಮ ಕಡೆಯವರ ಹಾಗೆ ತಲೆ ಓಲಾಡಿಸುವವಳು. ಕರಡಿಯ ಬುರುಡೆಯೂ ಓಲಾಡಿತು. ಜಪಾನಿನವರು ಅಂಥದ್ದನ್ನು ಎಲ್ಲಿ ಕಂಡಿದ್ದರು! ಹೌದೋ ಅಲ್ಲವೋ ತಿಳಿಯದೆ ಬಿದ್ದು ಬಿದ್ದು ನಕ್ಕರು, ವಿಡಿಯೊ ಮಾಡಿದರು, ತಾವೂ ಕಲಿತರು. ಮೂರನೇ ವರ್ಷಕ್ಕೆ ಕುರ್ಚಿ ಸಾಲದಾಯಿತು. ಲೀಗಿನವರು ವರ್ಷಕ್ಕೊಮ್ಮೆ ಕೊಡುವ ಅತ್ಯುತ್ತಮ ಪ್ರಚಾರದ ಪ್ರಶಸ್ತಿ ನಮ್ಮ ಬಡಪಾಯಿ ತಂಡಕ್ಕೇ ಬಂತು.

ಅವಳ ಪಾಡು ಮಾತ್ರ ಯಾರಿಗೂ ಬೇಡ.

"ಸಾಕಾಗೋಗಿದೆ ಕಣೇ ಮಾಲತಿ. ಒಳಗೆ ಉಸಿರು ಕಟ್ಟತ್ತೆ. ನಿಶಾ ಸ್ಪೋರ್ಟ್ಸ್ ಡೇ ಮೂರು ವರ್ಷದಿಂದ ನೋಡಿಲ್ಲ. ಈ ಸಲ ಬಿಟ್ಟೇ ಬಿಡ್ತೀನಿ."

"ಮ್ಯಾನೇಜರ್‌ಗೆ ಹೇಳಿದ್ಯಾ?"

"ಹೇಳ್ದೆ. ಪ್ರೈಜ್ ಫಂಕ್ಷನ್ ಮುಗೀಲಿ ಅಂದ್ರು ಮೋರಿ ಸಾನ್."

"ಕಂಬಳಿ ಅಂತ ಕರಡಿ ಹಿಡ್ಕೊಂಡೆ. ಈಗ ನೀನು ಬಿಟ್ರೂ ಅದು ಬಿಡಲ್ಲ, ನೋಡ್ತಿರು," ಎಂದು ರೇಗಿಸಿದೆ. ನನ್ನ ನಾಲಿಗೆಗೆ ಬೆಂಕಿ ಬೀಳ.

ಸಮಾರಂಭಕ್ಕೆ ನಿಶಾಳನ್ನು ನಾನೇ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಗೋರೋ ಪ್ರಶಸ್ತಿ ಹಿಡಿದು ನಿಂತಿದ್ದ. ನಿರೂಪಕ ಮೈಕು ಚಾಚಿ ಕೇಳಿದ: "ಗೋರೋ, ಮುಂದಿನ ವರ್ಷವೂ ಇರ್ತೀಯಲ್ವಾ?"

ಅನಸೂಯಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಭುಜ ಮೇಲೆತ್ತಿ, ಮೈಯೆಲ್ಲ ಬಲ ಹಾಕಿ, ಎರಡು ಸಲ, ಮೂರು ಸಲ. ಆ ಸಡಿಲ ಬುರುಡೆ ನೆಟ್ಟಗೆ ತಿರುಗೀತೆ? ಎಂದಿನಂತೆ ಓಲಾಡಿತು. ಸಭೆಗೆ ಸಭೆಯೇ ಅದನ್ನು ಹೌದೆಂದುಕೊಂಡು ಎದ್ದು ಜೊತೆಗೆ ಓಲಾಡಿತು. ಮೋರಿ ಸಾನ್ ಕಣ್ಣೊರೆಸಿಕೊಂಡು "ಅರಿಗಾತೋ, ಅರಿಗಾತೋ" ಎಂದು ಧನ್ಯವಾದ ಹೇಳುತ್ತ ಬಗ್ಗಿ ಬಗ್ಗಿ ನಮಸ್ಕರಿಸಿದರು. ಬಾಯಿ ಬಿಟ್ಟು ಒಂದು ಮಾತು ಆಡೇ, ಪೆದ್ದೀ ಎಂದು ಒಳಗೊಳಗೇ ಬೈದೆ.

ಎಲ್ಲರೆದುರು ಗೋರೋ ಒಪ್ಪಿದ್ದಾಯಿತಲ್ಲ ಎಂದು ಮೋರಿ ಸಾನ್ ತೆರೆಯ ಹಿಂದೆಯೇ ಹೊಸ ಕರಾರಿಗೆ ಸಹಿ ಹಾಕಿಸಿಕೊಂಡರಂತೆ. ಪುಣ್ಯಾತ್ಗಿತ್ತಿ ಹಾಕಿ ಬಂದಳು.

ಸಂಜೆ ಅವರ ಮನೆಯಲ್ಲೇ ಊಟ. ಅನಸೂಯಾ ಸಾರು ಬಡಿಸುತ್ತಿದ್ದಳು. ನಿಶಾ ತಟ್ಟೆ ನೋಡುತ್ತಲೇ ಅಂದಳು: "ಅಮ್ಮಾ, ಗೋರೋ ನೋ ಅಂದ. ಎಲ್ರೂ ರಾಂಗ್ ತಿಳ್ಕೊಂಡ್ರು."

ಸೌಟು ಅಲ್ಲೇ ನಿಂತಿತು. "ನಿಂಗೆ ಹೇಗೆ ಗೊತ್ತಾಯ್ತು?"

"ಶೋಲ್ಡರ್ ಹೀಗೆ ಮೇಲೆ ಹೋಯ್ತು. ನೀನು ಬೇಡ ಅಂದ್ರೆ ಹೋಗತ್ತಲ್ಲ, ಹಾಗೆ." ತಲೆ ಎತ್ತಿ ಅಮ್ಮನನ್ನೇ ನೋಡಿದಳು. "ಅಮ್ಮಾ, ಗೋರೋ ಒಳಗೆ ಯಾರಿದ್ದಾರೆ?"

ಹೇಳಿಬಿಡೇ ಎಂದು ನಾನು ಕಣ್ಣಲ್ಲೇ ಬೇಡಿದೆ. ಅನಸೂಯಾ ಮಗಳ ಅನ್ನಕ್ಕೆ ಸಾರು ಹಾಕಿದಳು.

"ಯಾರೂ ಇಲ್ಲ ಪುಟ್ಟಿ. ಊಟ ಮಾಡು."