ಛೀ ಮಿಸ್ಸಿನ ಆಂಡಿಸ್ ಪಾಠ

ನಮ್ಮ ಸೋದರತ್ತೆಗೆ ಶಾಲೆಯ ಮಕ್ಕಳು ಇಟ್ಟ ಹೆಸರು ಛೀ ಮಿಸ್. ಇಟ್ಟವರ ತಪ್ಪೇನೂ ಇಲ್ಲ. ಕಚ್ಚಿದ ಪೆನ್ಸಿಲ್ ಕಂಡರೆ ಛೀ, ಮೂಗು ಒರೆಸಿದ ತೋಳು ಕಂಡರೆ ಛೀ, ಸ್ಟಾಫ್ ರೂಮಿನ ಸಿಂಕಿನಲ್ಲಿ ಯಾರೋ ತೊಳೆಯದೆ ಬಿಟ್ಟುಹೋದ ಟೀ ಲೋಟ ಕಂಡರಂತೂ ಎರಡೆರಡು ಸಲ ಛೀ. ಅದೇ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಹೇಳುವ, ಅತ್ತೆಯ ಮನೆಯಲ್ಲೇ ಇರುವ ನನಗೆ ಆ ಛೀಗಳಿಂದ ಮನೆಯಲ್ಲೂ ಬಿಡುಗಡೆ ಇರಲಿಲ್ಲ. ಈಗ ನನಗೂ ಆ ಚಾಳಿ ಅಂಟಿದೆ.

ಅತ್ತೆ ನಾಲ್ಕನೇ ತರಗತಿಯ ಟೀಚರ್. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ದೇಶಗಳ ಪಾಠವೆಂದರೆ ಅವರಿಗೆ ಪ್ರಾಣ, ಮತ್ತು ಅದನ್ನು ಮಾಡುವ ರೀತಿಯೇ ಬೇರೆ. ಪುಸ್ತಕ ತೆರೆಯುವ ಮೊದಲು ಮಕ್ಕಳನ್ನು ಕೇಳುತ್ತಿದ್ದರು: "ಅಲ್ಲಿ ಜನ ಹೇಗಿರ್ತಾರೆ? ತೋಚಿದ್ದು ಹೇಳಿ, ಯಾರೂ ಬೈಯಲ್ಲ." ಮಕ್ಕಳು ಬಾಯಿಗೆ ಬಂದದ್ದನ್ನು ಹೇಳುತ್ತಿದ್ದವು. ಅತ್ತೆ ಒಂದಕ್ಷರ ತಿದ್ದದೆ ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಆಮೇಲೆ ಹೇಳಿದವರೇ ಲೈಬ್ರರಿಯಲ್ಲಿ ಹುಡುಕಬೇಕು, ಸುಳ್ಳೆಂದು ಗೊತ್ತಾದರೆ ಎಲ್ಲರಿಗೂ ತಿಳಿಸಿ ತಾವೇ ಡಸ್ಟರ್ ಹಿಡಿದು ಅಳಿಸಬೇಕು. ಕೊನೆಗೆ ಬೋರ್ಡಿನಲ್ಲಿ ನಿಜ ಮಾತ್ರ ಉಳಿಯುತ್ತಿತ್ತು.

ಆ ವರ್ಷ ಹೆಡ್ ಮಿಸ್ ನಿವೃತ್ತರಾಗುವವರಿದ್ದರು. ಆ ಕುರ್ಚಿ ಅತ್ತೆಗೇ ಎಂದು ಗುಮಾಸ್ತರಿಂದ ಹಿಡಿದು ಬಸ್ ಡ್ರೈವರ್‌ವರೆಗೆ ಎಲ್ಲರೂ ಹೇಳುತ್ತಿದ್ದರು. ಕೊಡಬೇಕಾದವರು ಮಾತ್ರ ಶಾಲೆಯ ಅಧ್ಯಕ್ಷರು. ದೊಡ್ಡ ಹೊಟ್ಟೆಯ, ಸಣ್ಣ ಕಣ್ಣಿನ ಮನುಷ್ಯ. ಮಾತಾಡುವಾಗ ಕಿವಿಯೊಳಗೆ ಕಿರುಬೆರಳು ಹಾಕಿ ತಿರುಗಿಸಿ, ಹೊರಗೆ ಬಂದದ್ದನ್ನು ನೋಡಿ, ಮೇಜಿನ ಅಂಚಿಗೆ ಒರೆಸುವ ಅಭ್ಯಾಸ. ಆ ಮೇಜಿನ ಮೇಲೆ ನಾನು ಯಾವತ್ತೂ ಕೈ ಇಟ್ಟವಳಲ್ಲ.

ಪಾಠ ಶುರುವಾದ ದಿನವೇ ಅವರು ಸುತ್ತು ಹಾಕಲು ಬಂದರು. ಬೋರ್ಡಿನ ತುಂಬ ಮಕ್ಕಳ ಮಾತು: ಅಲ್ಲಿಯವರು ಗುಹೆಯಲ್ಲಿ ಇರ್ತಾರೆ. ಹಸಿ ಮಾಂಸ ತಿಂತಾರೆ. ಅಲ್ಲಿ ಸ್ಕೂಲೇ ಇಲ್ಲ. ಚಳಿಗೆ ಯಾರೂ ಸ್ನಾನ ಮಾಡಲ್ಲ. ಅಧ್ಯಕ್ಷರು ಗಹಗಹಿಸಿ ನಕ್ಕು, ಫೋನ್ ತೆಗೆದು ಫೋಟೋ ಹೊಡೆದುಕೊಂಡು ಹೋದರು.

ವಾರ ಕಳೆಯುವಷ್ಟರಲ್ಲಿ ಮಕ್ಕಳು ಅದನ್ನೆಲ್ಲ ಅಳಿಸಿದ್ದವು. ಸ್ನಾನದ ಮಾತು ಹೇಳಿದವಳು ಗಿಣಿ, ಬಾಯಿ ಮುಚ್ಚದ ಹುಡುಗಿ. ಅಲ್ಲಿಯ ಹಳೆಯ ಕಾಲದ ರಾಜರು ಬಿಸಿನೀರಿನ ಬುಗ್ಗೆಗೆ ಕಲ್ಲಿನ ತೊಟ್ಟಿ ಕಟ್ಟಿಸಿ ಸ್ನಾನ ಮಾಡುತ್ತಿದ್ದ ಚಿತ್ರ ಅವಳಿಗೇ ಸಿಕ್ಕಿತು. "ಮಿಸ್, ಅವ್ರು ನಮಗಿಂತ ಕ್ಲೀನು!" ಎಂದು ಕೂಗಿ, ಎಟುಕದ ಬೋರ್ಡಿಗೆ ಹಾರಿ ಹಾರಿ ಅಳಿಸಿದಳು. ಬೊಲಿವಿಯಾದಲ್ಲಿ ಒಂದು ಊರಿನ ಜನ ಬಸ್ಸಿನ ಹಾಗೆ ಕೇಬಲ್ ಕಾರಿನಲ್ಲಿ ಓಡಾಡುತ್ತಾರೆಂದು ಗೊತ್ತಾದ ದಿನ ಇಡೀ ತರಗತಿಯೇ ಅಲ್ಲಿಗೆ ಹೋಗಲು ಸಿದ್ಧವಾಗಿತ್ತು.

ಅಷ್ಟರಲ್ಲಿ ಡ್ಯಾನ್ಸ್ ಮಾಸ್ತರು ಬಂದರು. ವಾರ್ಷಿಕೋತ್ಸವಕ್ಕೆ ನಾಲ್ಕನೇ ತರಗತಿಯಿಂದ 'ಬೆಟ್ಟದ ಜನ' ನೃತ್ಯವಂತೆ, ಮಾತುಗಳೆಲ್ಲ ಅಧ್ಯಕ್ಷರು ತೆಗೆದ ಫೋಟೋದಲ್ಲಿದ್ದವೇ ಅಂತೆ. ಅತ್ತೆ ನೇರ ಅಧ್ಯಕ್ಷರ ಕೋಣೆಗೆ ನುಗ್ಗಿದರು. ಹಾಜರಿ ಪುಸ್ತಕ ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ.

"ಸರ್, ಅದು ಪಾಠ ಅಲ್ಲ. ಅಳಿಸೋಕೆ ಅಂತ ಬರೆದಿದ್ದು. ಎಲ್ಲಾ ಸುಳ್ಳು. ಮಕ್ಕಳಿಗೂ ಗೊತ್ತಿದೆ."

"ಗೊತ್ತಿದ್ರೆ ಒಳ್ಳೇದೇ ಆಯ್ತಲ್ಲ, ಕೆಡೋದೇನಿದೆ?" ಕಿರುಬೆರಳು ಕಿವಿಗೆ ಹೋಯಿತು. "ಅಲ್ಲಿಂದ ಯಾರು ಬಂದು ನೋಡ್ತಾರೆ ಮೇಡಂ? ಬಂದೋರು ನಗ್ಬೇಕು, ಚಪ್ಪಾಳೆ ಹೊಡೀಬೇಕು. ಹೊಸ ಹೆಡ್ ಮಿಸ್ ಯಾರು ಅಂತ ಅವತ್ತೇ ಸ್ಟೇಜ್ ಮೇಲೆ ಹೇಳೋಣ ಅಂತಿದೀನಿ. ನಿಮಗೆ ಬೇಡ್ವಾದ್ರೆ ಈಗ್ಲೇ ಹೇಳ್ಬಿಡಿ." ಬೆರಳು ಮೇಜಿನ ಅಂಚಿಗೆ ಬಂತು.

ಅತ್ತೆ ಛೀ ಅನ್ನಲಿಲ್ಲ. ನಾನು ಕಾದೆ. ಅವರು ಹೊರಗೆ ಬಂದರು.

ಮನೆಯಲ್ಲಿ ಮಾವ, "ಐದು ನಿಮಿಷದ ಕುಣಿತಕ್ಕೆ ಇಷ್ಟು ತಲೆ ಕೆಡಿಸ್ಕೋತೀಯಾ? ಆಮೇಲೆ ನೀನೇ ಹೆಡ್ಡು, ಬೇಕಾದ ಹಾಗೆ ಪಾಠ ಮಾಡಿಸ್ಕೋ," ಎಂದರು. ಆ ಮಾತಿನಲ್ಲಿ ನ್ಯಾಯ ಇದ್ದ ಹಾಗೆ ಕಂಡದ್ದೇ ನನಗೆ ಇನ್ನಷ್ಟು ಹೇಸಿಗೆ.

ವಾರ್ಷಿಕೋತ್ಸವದ ದಿನ ಬಾಡಿಗೆ ವೇಷದ ಗಂಟು ಬಿಚ್ಚಿದರೆ ಬೆವರು, ಇಲಿ, ಹಳೇ ಅಂಟು ಎಲ್ಲ ಸೇರಿದ ವಾಸನೆ. ಗೋಣಿಚೀಲದಂಥ ಅಂಗಿಗೆ ಹತ್ತಿ ಅಂಟಿಸಿದ್ದರು. ಡ್ಯಾನ್ಸ್ ಮಾಸ್ತರು ಮಕ್ಕಳ ಕೆನ್ನೆಗೆ ಮಸಿ ಬಳಿದರು. ಗಿಣಿ ಮಸಿ ಮುಖ ಎತ್ತಿ, "ಮಿಸ್, ನಾನು ಇದನ್ನ ಅಳಿಸಿದ್ನಲ್ಲ?" ಎಂದಳು.

"ಇವತ್ತೊಂದಿನ ಹೇಳ್ಬಿಡು ಪುಟ್ಟಿ," ಎಂದರು ಅತ್ತೆ.

ಹೇಳಿದಳು. ಕಂಕುಳು ಕೆರೆದುಕೊಳ್ಳುತ್ತಾ, "ನಾವು ಸ್ನಾನಾನೇ ಮಾಡಲ್ಲ!" ಎಂದಾಗ ಅಪ್ಪಂದಿರು, ಅಮ್ಮಂದಿರು ಬಿದ್ದು ಬಿದ್ದು ನಕ್ಕರು. 'ಒನ್ಸ್ ಮೋರ್' ಕೂಗಿದರು. ಗಿಣಿ ಮತ್ತೊಮ್ಮೆ ಹೇಳಿದಳು. ಈ ಸಲ ಇನ್ನೂ ಜೋರಾಗಿ, ಜಾಸ್ತಿ ಕೆರೆದುಕೊಂಡು. ಅಷ್ಟು ಜನ ಓದಿದವರು, ಒಬ್ಬರ ಮುಖವೂ ಸಪ್ಪಗಾಗಲಿಲ್ಲ. ಥೂ. ಅಧ್ಯಕ್ಷರು ಅತ್ತೆಯ ಹೆಸರು ಕೂಗಿ ಹೂಗುಚ್ಛ ಕೊಟ್ಟರು, ಅದೇ ಕೈಯಿಂದ. ಅತ್ತೆ ತಗೊಂಡರು.

ಆ ಸಂಜೆ ಅವರ ಮೇಲೂ ನನಗೆ ಅಸಹ್ಯ ಹುಟ್ಟಿತು, ಮುಚ್ಚಿಡುವುದೇನು. ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಹೊಸ ಕುರ್ಚಿ ಸಿಕ್ಕರೂ ವರ್ಷ ಮುಗಿಯುವವರೆಗೆ ನಾಲ್ಕನೇ ತರಗತಿಯನ್ನು ಅತ್ತೆಯೇ ನೋಡಿಕೊಳ್ಳಬೇಕಿತ್ತು. ಮುಂದಿನ ಪಾಠ ಮರುಭೂಮಿ. ಆ ದಿನ ಮನೆಗೆ ಬಂದವರು ಬ್ಯಾಗನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಮರುಭೂಮಿ ಜನ ಹೇಗಿರ್ತಾರೆ ಅಂತ ಕೇಳ್ದೆ ಕಣೇ. ಯಾರೂ ಬಾಯಿ ಬಿಡ್ಲಿಲ್ಲ. ಆಮೇಲೆ ಗಿಣಿ ಎದ್ದು ನಿಂತ್ಲು."

"ಏನಂದ್ಲು?"

"'ಮಿಸ್, ನಿಜ ಹುಡುಕ್ಲಾ, ಇಲ್ಲ ನಗೋ ಥರದ್ದು ಹೇಳ್ಲಾ' ಅಂದ್ಲು."

ನಾನು ಒಲೆ ಆರಿಸಿದೆ. ಮಕ್ಕಳ ಚೇಷ್ಟೆ, ಮನಸ್ಸಿಗೆ ಹಚ್ಚಿಕೋಬೇಡಿ ಎಂದೆ.

"ಚೇಷ್ಟೆ ಮಾಡ್ತಿರ್ಲಿಲ್ಲ," ಎಂದರು ಅತ್ತೆ. "ನನಗೆ ಯಾವ್ದು ಬೇಕು ಅಂತ ಅವಳಿಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ."