ಪದ್ಮಾವತಿ ಓದಿಸಿದ ಪುಸ್ತಕ

ಘಣಸೋಲಿ ಊರೊಳಗಿನ ಚಾಳಿನಲ್ಲಿ ಪದ್ಮಾವತಿಯ ಬಾಯಿಗೆ ಹೆದರದವರಿಲ್ಲ. ವಾಶಿ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸ ಅವಳದು. ಕೊಳೆತದ್ದು ಕೈಗೆ ಸಿಕ್ಕರೆ ಹಿಂದೆಮುಂದೆ ನೋಡದೆ ಎಸೆಯುವ ಅಭ್ಯಾಸ ಅವಳ ಮಾತಿಗೂ ಬಂದಿತ್ತು. ಅಂಥವಳ ಬಾಯಿ ಮುಚ್ಚಿಸಲು ಜನರ ಹತ್ತಿರ ಇದ್ದ ಹತಾರ ಒಂದೇ: ಅವಳು ಉಡಿಕಿಯಾದವಳು.

ಉಡಿಕಿ ಎಂದರೆ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮತ್ತೊಬ್ಬನ ಮನೆ ತುಂಬಿಸುವುದು. ಬಾಜಾ ಇಲ್ಲ, ಅಕ್ಷತೆ ಇಲ್ಲ. ಕೂಡಿ ಬಾಳಲು ಹಿರಿಯರು ಒಪ್ಪುತ್ತಾರೆ. ಆಮೇಲೆ ಅವಳು ಇನ್ನೊಬ್ಬರ ಮದುವೆಯಲ್ಲಿ ಆರತಿ ಮುಟ್ಟಲು ಮಾತ್ರ ಒಪ್ಪುವುದಿಲ್ಲ. ಎಂಥ ಧಾರಾಳತನ ನೋಡಿ. ಮೊದಲ ಗಂಡ ಕಟ್ಟಡದ ಮೇಲಿಂದ ಬಿದ್ದು ಸತ್ತಾಗ ಪದ್ಮಾವತಿಯ ಸೊಂಟದ ಮೇಲೆ ರಮಿತಾ ಇದ್ದಳು. ಹೆಂಡತಿಯನ್ನು ಕಳೆದುಕೊಂಡ ಸೈದಪ್ಪನ ಬೆರಳು ಹಿಡಿದು ಶಿವರಾಯ ನಿಂತಿದ್ದ. ವಿಜಯಪುರ ಕಡೆಯ ಈ ನಾಲ್ವರು ಒಂದೇ ಖೋಲಿಯಲ್ಲಿ ಒಂದು ಮನೆಯಾದರು. ಮೊದಲ ದಿನವೇ ಶಿವರಾಯ ತನ್ನ ತಾಟಿನ ರೊಟ್ಟಿ ಮುರಿದು ರಮಿತಾಳ ಬಾಯಿಗಿಟ್ಟ. ಅಂದಿನಿಂದ ಅವರು ಅಣ್ಣ-ತಂಗಿ, ಜಗಳ ಸಮೇತ.

ಈಗ ಶಿವರಾಯನಿಗೆ ಮದುವೆ ಗೊತ್ತಾಗಿತ್ತು. ಹುಡುಗಿ ಬೇರೆ ಯಾರೂ ಅಲ್ಲ, ಪಕ್ಕದ ಖೋಲಿಯ ಚಂದ್ರಬಾಯಿಯ ತಮ್ಮನ ಮಗಳು. ಮದುವೆಯಲ್ಲಿ ವರನ ಪಕ್ಕ ಕಳಸ ಹಿಡಿದು ಕೂಡುವ ಕಳಸಗಿತ್ತಿ ಅವನ ತಂಗಿಯೇ ಆಗಬೇಕು. ರಮಿತಾ ಆಗಲೇ ಸೀರೆ ಆರಿಸಿ ಇಟ್ಟುಕೊಂಡಿದ್ದಳು.

ಎಡವಟ್ಟಾದದ್ದು ಒಂದು ಕಾದಂಬರಿಯಿಂದ. ಡಿಗ್ರಿ ಓದುತ್ತಿದ್ದ ರಮಿತಾ ಕಲ್ಯಾಣ ಸ್ಟೇಷನ್ನಿನ ಹೊರಗೆ ಫುಟ್‌ಪಾತಿನಲ್ಲಿ ಮಾರುವ ಹಳೆಯ ಇಂಗ್ಲಿಷ್ ಪ್ರೇಮ ಕಾದಂಬರಿಗಳನ್ನು ತಂದು ಲೋಕಲ್ಲಿನಲ್ಲಿ ನಿಂತೇ ಓದುವವಳು. ಒಂದು ದಿನ ಚಂದ್ರಬಾಯಿ ಮುಖಪುಟ ನೋಡಿ ಕಥೆ ಏನೆಂದು ಕೇಳಿದಳು. ಸುಳ್ಳು ಹೇಳಲು ಬಾರದ ಹುಡುಗಿ ಇದ್ದದ್ದನ್ನು ಹೇಳಿಬಿಟ್ಟಳು: ಹುಡುಗನ ಅಪ್ಪ ಹುಡುಗಿಯ ಅವ್ವನನ್ನು ಮದುವೆಯಾಗುತ್ತಾನೆ, ಒಂದೇ ಮನೆಗೆ ಬಂದ ಇವರಿಬ್ಬರೂ ಪ್ರೀತಿಸುತ್ತಾರೆ, ಮನೆಯವರು ಬೇಡ ಎನ್ನುತ್ತಾರೆ. ಚಂದ್ರಬಾಯಿ ಕಥೆಯನ್ನು ಅಲ್ಲೇ ಬಿಡಲಿಲ್ಲ, ಪಕ್ಕದ ಖೋಲಿಗೆ ಹೊಂದಿಸಿ ನೋಡಿದಳು. ನಳದ ನೀರು ನಿಲ್ಲುವಷ್ಟರಲ್ಲಿ ಚಾಳಿಗೆಲ್ಲ ಸುದ್ದಿ ಮುಟ್ಟಿತ್ತು.

ಸಂಜೆ ಮಾನಪ್ಪ ಬಂದ. ಇಲ್ಲಿರುವ ತಮ್ಮ ಕಡೆಯವರ ಮದುವೆ-ಮುಂಜಿಗೆಲ್ಲ ಅವನೇ ಹಿರಿಯ. ರಮಿತಾಳನ್ನು ಮದುವೆ ಮುಗಿಯುವ ತನಕ ಊರಿಗೆ ಕಳಿಸಬೇಕು, ಕಳಸವನ್ನು ಸೈದಪ್ಪನ ಅಣ್ಣನ ಮಗಳು ಹಿಡಿಯಬೇಕು, ಇಲ್ಲದಿದ್ದರೆ ಹೆಣ್ಣಿನವರು ಹಿಂದೆ ಸರಿಯುತ್ತಾರೆ ಎಂದ. ಉಡಿಕಿಯ ಬೆನ್ನಿಗೆ ಬಂದ ಹುಡುಗಿಗೆ ಕಳಸ ಮೊದಲೇ ಸಲ್ಲದು, ಮೇಲೆ ಇಂಥ ಪುಸ್ತಕ ಬೇರೆ. ಸೈದಪ್ಪ ನೆಲ ನೋಡಿದ. ರಮಿತಾ ಅಳುತ್ತಾ ಪುಸ್ತಕಗಳನ್ನು ರದ್ದಿಯವನಿಗೆಂದು ಚೀಲಕ್ಕೆ ತುಂಬಿದಳು.

ಪದ್ಮಾವತಿಗೆ ಮೈ ಉರಿಯಿತು. ತಾನು ನೂರು ಮದುವೆಗಳಲ್ಲಿ ಹಿಂದೆ ನಿಂತಿದ್ದಳು, ನುಂಗಿಕೊಂಡಿದ್ದಳು. ಮಗಳನ್ನೂ ಹಿಂದೆ ನಿಲ್ಲಿಸುವುದು ಅವಳಿಂದಾಗದು. ಚೀಲಕ್ಕೆ ಕೈ ಹಾಕಿ ಅದೇ ಪುಸ್ತಕ ಹೊರಗೆ ತೆಗೆದಳು. ರವಿವಾರ ಎಲ್ಲರೂ ಬನ್ನಿ, ಇದರಲ್ಲಿ ಏನಿದೆಯೋ ಕೇಳಿಯೇ ತೀರ್ಮಾನ ಮಾಡಿ ಎಂದು ಮಾನಪ್ಪನಿಗೆ ಹೇಳಿ ಕಳಿಸಿದಳು.

ರವಿವಾರ ಮಧ್ಯಾಹ್ನ ಓಣಿ ತುಂಬಿತು. ಹೆಂಗಸರು ಬಳ್ಳೊಳ್ಳಿ ಸುಲಿಯುವ ನೆವದಲ್ಲಿ ಬಂದು ಕೂತರು. ರಮಿತಾ ಇಂಗ್ಲಿಷಿನಲ್ಲಿ ಓದಿ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳಿದಳು. ಹೊಲಸು ಸಿಗುತ್ತದೆಂದು ಕಿವಿ ನಿಮಿರಿಸಿದವರಿಗೆ ನಿರಾಶೆಯಾಯಿತು. ಮೆಟ್ಟಿಲ ಮೇಲೆ ಒಮ್ಮೆ ಕೈ ಹಿಡಿದದ್ದು ಬಿಟ್ಟರೆ ಉಳಿದದ್ದೆಲ್ಲ ಬರೀ ಅಳು. ಆದರೂ ಯಾರೂ ಏಳಲಿಲ್ಲ. ಚಂದ್ರಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದ ಮಾನಪ್ಪ ನಡುವೆ ಕೈ ಎತ್ತಿದ.

"ಹುಡುಗನ ಬೆಡಗು ಯಾವುದು?"

ಬೆಡಗು ಅಂದರೆ ಕುಲದೊಳಗಿನ ಬಳಿ, ಗೋತ್ರವಿದ್ದಂತೆ. ಒಂದೇ ಬೆಡಗಿನವರು ಮದುವೆಯಾಗುವಂತಿಲ್ಲ. ಜೀವನವಿಡೀ ನೆಂಟಸ್ತನ ಕೂಡಿಸಿದ ಮನುಷ್ಯ, ರೂಢಿ ಬಿಡಲಿಲ್ಲ. ಅವರು ಅಮೆರಿಕದವರು ಮುತ್ಯಾ ಎಂದು ರಮಿತಾ ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಅಪ್ಪ ಬೇರೆ, ಅವ್ವ ಬೇರೆ ಎಂದು ಬೆರಳು ಮಡಚುತ್ತಾ ಹೋದ.

"ಬೆಡಗ ಬ್ಯಾರೆ ಆತಲ್ಲ. ಹಂಗಾದ್ರ ವರಸಿ ಬರ್ತದ, ಲಗ್ನಕ್ಕ ಅಡ್ಡಿ ಇಲ್ಲ. ಅವರ ಮನ್ಯಾಗ ಸುಮ್ನ ಯಾಕ ಬ್ಯಾಡ ಅಂತಾರ?"

ಪದ್ಮಾವತಿ ಕಾದಿದ್ದವಳಂತೆ ಎದ್ದು ನಿಂತಳು.

"ಹಂಗಂದ್ರ ಪುಸ್ತಕದವ್ರಿಗೆ ನಿಮ್ಮ ಅಡ್ಡಿ ಇಲ್ಲ, ಕಾಕಾ. ಅವರು ನಾವು ಅಣ್ಣ-ತಂಗಿ ಅಲ್ಲ ಅಂತ ಹಟ ಹಿಡದ್ರ ನಡೀತದ. ನನ್ನ ಮಕ್ಕಳು ನಾವು ಅಣ್ಣ-ತಂಗಿ ಅಂತ ಹಟ ಹಿಡದ್ರ ನಡ್ಯಂಗಿಲ್ಲ. ಬ್ಯಾಡಾದ ಪ್ರೀತಿ ಯಾವುದು, ನೀವ ಹೇಳ್ರಿ."

ಪದ್ಧತಿ ಪದ್ಧತಿಯೇ ಎಂದು ಗೊಣಗಿ ಮಾನಪ್ಪ ಎದ್ದು ಹೋದ. ಶಿವರಾಯ ಚಂದ್ರಬಾಯಿಯ ಮುಂದೆಯೇ ಹೇಳಿದ, ತಂಗಿ ಕೂಡದಿದ್ದರೆ ತಾನೂ ಮಣೆ ಮೇಲೆ ಕೂಡುವುದಿಲ್ಲವೆಂದು. ಚಂದ್ರಬಾಯಿ ಸುಲಿದ ಬಳ್ಳೊಳ್ಳಿ ಎತ್ತಿಕೊಂಡು ತನ್ನ ಖೋಲಿಗೆ ಹೋದಳು.

ಮದುವೆ ಕೋಪರಖೈರಣೆಯ ಒಂದು ಹಾಲಿನಲ್ಲಿ. ಮಾನಪ್ಪ ಸೈದಪ್ಪನ ಅಣ್ಣನ ಮಗಳನ್ನು ಶೃಂಗರಿಸಿಯೇ ಕರೆತಂದಿದ್ದ. ಕಳಸ ಎತ್ತಿಕೊಡಲು ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಪದ್ಮಾವತಿ ಹಿಂದಿನಿಂದ ಜನರನ್ನು ಸರಿಸಿ ಬಂದಳು. ಉಡಿಕಿಯವಳು ಮುಟ್ಟಬಾರದ ಆ ಕಳಸವನ್ನು ಎರಡೂ ಕೈಯಿಂದ ಎತ್ತಿ ರಮಿತಾಳ ಮಡಿಲಲ್ಲಿಟ್ಟಳು. ಬಾಜಾದವರೂ ಬಾರಿಸುವುದನ್ನು ನಿಲ್ಲಿಸಿದರು. ಏನೂ ತಿಳಿಯದ ಅಯ್ಯನವರು ಹುಡುಗಿ ವರನಿಗೆ ಏನಾಗಬೇಕು ಎಂದು ಕೇಳಿದರು.

"ತಂಗಿ," ಎಂದ ಶಿವರಾಯ.

ಅಯ್ಯನವರು ಬೆಡಗು ಕೇಳಲಿಲ್ಲ, ಮಂತ್ರ ಶುರು ಮಾಡಿದರು. ಆರತಿ ಎತ್ತುವ ಹೊತ್ತಿಗೆ ತಾಟು ಚಂದ್ರಬಾಯಿಯ ಕೈಯಲ್ಲಿತ್ತು. ಅವಳು ಅದನ್ನು ಪದ್ಮಾವತಿಯ ಕಡೆಗೆ ಚಾಚಿ, ಪುಸ್ತಕದವರಿಗೆ ಕೊನೆಗೆ ಏನಾಯಿತೆಂದು ಮೆಲ್ಲಗೆ ಕೇಳಿದಳು. ಮೊದಲು ಇದು ಮುಗಿಯಲಿ ಎಂದು ಪದ್ಮಾವತಿ ತಾಟು ಹಿಡಿದು ಮುಂದೆ ಹೋಗಿ ನಿಂತಳು.